ಮರದೊಳಗಿನ ನೀರು

ಕಾಳೀನದಿಯ ತೀರದ ದಾಂಡೇಲಿಯಲ್ಲಿ ಸರ್ಕಾರದ ನಾಟಾ ಡಿಪೋ ಇರುವುದು ಶ್ರೋತೃಗಳಲ್ಲಿ ಅನೇಕರಿಗೆ ತಿಳಿದ ಸಂಗತಿ. ಹಳಿಯಾಳ, ಜೋಯಿಡಾ, ಮುಂಡಗೋಡಗಳ ಕಾಡಿನಲ್ಲಿ ಬೆಳೆಯುವ ತೇಗ, ಮತ್ತಿ, ನಂದಿ, ಹೊನ್ನೆಗಳ ದಿಮ್ಮಿಗಳನ್ನು ಕಂಡವರಾರೂ ಇದು ಘನಪದಾರ್ಥವೆ ಎಂದು ಕೇಳಲಾರರು. ತನ್ನ ಆಕಾರವನ್ನು ಬಿಡದಿರುವುದೇ ಘನದ ಲಕ್ಷಣವೆಂದು ನಾವೆಲ್ಲರೂ ಬಾಲ್ಯದಲ್ಲಿಯೇ ಓದಿದ್ದೇವೆ. ಆದರೆ ನಮ್ಮ ಮನೆಯ ಬಾಗಿಲು ಆ ಪಾಠವನ್ನು ಓದಿದಂತಿಲ್ಲ. ಆಷಾಢದಲ್ಲಿ ಅದನ್ನು ಮುಚ್ಚಲು ಹೆಗಲು ಕೊಡಬೇಕು. ಚೈತ್ರದಲ್ಲಿ ಅದರ ಸಂದಿನಿಂದ ಬೀದಿಯೇ ಕಾಣುತ್ತದೆ. ಹಸಿಮರವನ್ನು ಒಣಮರವೆಂದು ನಂಬಿ ಹಣ ತೆತ್ತವರು ನಾವೇ.

ಮರವು ಕಬ್ಬಿಣದಂತೆ ಇಡಿಯಾದ ಘನವಲ್ಲ. ಉದ್ದುದ್ದವಾದ ಸೂಕ್ಷ್ಮನಾಳಗಳ ಕಟ್ಟು. ಈ ನಾಳಗಳ ಗೋಡೆಯಾಗಿರುವ ವಸ್ತುವು ಯಾವ ಮರದಲ್ಲಿಯೇ ಆಗಲಿ ನೀರಿಗಿಂತ ಸುಮಾರು ಒಂದೂವರೆ ಪಾಲು ಭಾರವಾದುದು. ಹಾಗಿದ್ದರೆ ಮರವು ತೇಲುವುದು ಹೇಗೆ? ಒಳಗಿರುವ ಗಾಳಿಯಿಂದ. ಒಣಗಿದ ತೇಗದ ಸಾಂದ್ರತೆ ನೀರಿನದಕ್ಕೆ ಹೋಲಿಸಿದರೆ ಸುಮಾರು 0.65, ಎಂದರೆ ನಾವು ಮರವೆಂದು ಕೊಳ್ಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಬರಿಯ ಅವಕಾಶ. ಮತ್ತಿಯಲ್ಲಿ ಆ ಅವಕಾಶವು ಕಡಮೆ. ಹಸಿಯಾಗಿದ್ದಾಗ ಅದೂ ನೀರಿನಿಂದ ತುಂಬಿರುವುದರಿಂದ ಮತ್ತಿಯ ದಿಮ್ಮಿ ಮುಳುಗುವುದೇ ಸಹಜ. ಬೇಸಗೆಯಲ್ಲಿ ಕೆಲವು ಮತ್ತಿಮರಗಳ ಕಾಂಡದ ಉಬ್ಬನ್ನು ಕಡಿದರೆ ನೀರು ಚಿಮ್ಮುವುದೆಂಬ ಕಾಡಿನವರ ಮಾತು ಕಟ್ಟುಕಥೆಯಲ್ಲ. ಬರ್ಮಾದೇಶದಲ್ಲಿ ತೇಗವನ್ನು ಕಡಿಯುವ ಮೊದಲು ಬುಡದ ಸುತ್ತ ತೊಗಟೆಯನ್ನೂ ಹೊರಮರವನ್ನೂ ಕೊರೆದು, ನಿಂತಲ್ಲಿಯೇ ಎರಡು ಮೂರು ವರ್ಷ ಒಣಗಲು ಬಿಡುತ್ತಿದ್ದುದು ಹೊಳೆಯಲ್ಲಿ ತೇಲಿಸುವುದಕ್ಕಾಗಿಯೇ.

ಮರದ ನೀರು ಎರಡು ಬಗೆಯಾಗಿರುತ್ತದೆ: ನಾಳಗಳ ಟೊಳ್ಳಿನಲ್ಲಿ ನಿಂತದ್ದು ಒಂದು, ಗೋಡೆಗಳಿಗೇ ಅಂಟಿಕೊಂಡದ್ದು ಇನ್ನೊಂದು. ಒಣಗುವಾಗ ಮೊದಲು ಹೋಗುವುದು ಟೊಳ್ಳಿನ ನೀರು. ಆಗ ತೂಕ ಇಳಿಯುವುದೇ ಹೊರತು ಅಳತೆ ಬದಲಾಗದು. ಒಣಮರದ ತೂಕದ ನೂರಕ್ಕೆ ಸುಮಾರು 30ರಷ್ಟು ನೀರು ಉಳಿದ ಮೇಲೆ ಗೋಡೆಗಳ ಸರದಿ; ಅಲ್ಲಿಂದ ಮರವು ಕುಗ್ಗತೊಡಗುತ್ತದೆ. ಅದೂ ಸಮನಾಗಿ ಅಲ್ಲ. ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಅಲ್ಪ. ತೇಗವು ಪೂರ್ಣವಾಗಿ ಒಣಗುವಷ್ಟರಲ್ಲಿ ತಿರುಳಿನಿಂದ ತೊಗಟೆಯ ಕಡೆಗೆ ನೂರಕ್ಕೆ ಸುಮಾರು ಎರಡೂವರೆಯಷ್ಟೂ, ಬೆಳವಣಿಗೆಯ ಬಳೆಗಳ ಗುಂಟ ಅದರ ಇಮ್ಮಡಿಯಷ್ಟೂ ಕುಗ್ಗುತ್ತದೆ. ಹಲಗೆಯು ದೋಣಿಯಂತೆ ಬಾಗುವುದು ಈ ಅಸಮತೆಯಿಂದ. ಎಷ್ಟೋ ಗಟ್ಟಿಮರಗಳು ತೇಗಕ್ಕಿಂತ ಬಹಳ ಹೆಚ್ಚು ಕುಗ್ಗುತ್ತವೆ. ತೇಗಕ್ಕೆ ಬಂದಿರುವ ಹೆಸರು ಸುಮ್ಮನೆ ಬಂದುದಲ್ಲ.

ಒಣಗಿದ ಮರವೂ ಗಾಳಿಯೊಡನೆ ಕೊಡುಕೊಳ್ಳುವಿಕೆಯನ್ನು ನಿಲ್ಲಿಸುವುದಿಲ್ಲ. ಜೋಯಿಡಾದ ಮಳೆಗಾಲದಲ್ಲಿ ನೂರಕ್ಕೆ 18ರಷ್ಟು ನೀರನ್ನು ಹಿಡಿದಿರಬಹುದಾದ ಹಲಗೆಯು ವಿಜಯಪುರದ ಬೇಸಗೆಗೆ ಹೋದರೆ 8ಕ್ಕೆ ಇಳಿಯಬಹುದು. ಒಂದಡಿ ಅಗಲದ ತೇಗದ ಹಲಗೆಯಲ್ಲಿ ಇದು 5 ಮಿಲಿಮೀಟರುಗಳಷ್ಟು ಸಂದು! ಬಡಗಿಯು ಎಷ್ಟು ನಿಪುಣನಾದರೇನು?

ಕಾಗದವೂ ಈ ನೀರಿನ ಋಣದಲ್ಲಿಯೇ ಇದೆ. 1955ರಲ್ಲಿ ದಾಂಡೇಲಿಯಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಾರ್ಖಾನೆಯಲ್ಲಿ ಮೊದಮೊದಲು ಕಾಗದಕ್ಕೆ ಬಿದಿರೇ ಮುಖ್ಯ ಸಾಮಗ್ರಿ. ಬಿದಿರನ್ನು ಬೇಯಿಸಿ ನಾರುಗಳನ್ನು ಬಿಡಿಸಿ, ನೂರರಲ್ಲಿ 99 ಪಾಲು ನೀರೇ ಆಗಿರುವಂತೆ ಕದಡಿದರೆ ಅದು ಹಾಲಿನಂತೆ ಹರಿಯುತ್ತದೆ. ಜಾಲರಿಯ ಮೇಲೆ ನೀರು ಸೋರಿ ಒಣಗಿದಂತೆ, ನಾರು ನಾರನ್ನು ಸೋಂಕಿ, ಗೋಂದಿನ ಹಂಗಿಲ್ಲದೆಯೇ ಹೈಡ್ರೋಜನ್ ಬಂಧಗಳಿಂದ ಹಿಡಿದುಕೊಳ್ಳುತ್ತದೆ. ಮಳೆಯಲ್ಲಿ ನೆನೆದ ಪತ್ರಿಕೆಯು ಕೈಯಲ್ಲಿಯೇ ಹರಿದುಹೋಗುವುದು ನೀರು ಮರಳಿ ಬಂದು ಆ ಹಿಡಿತಗಳ ನಡುವೆ ಸೇರುವುದರಿಂದ.

ಇನ್ನು ಬಾಗಿಲಿನ ಮಾತು. ಕೊಯ್ದ ಹಲಗೆಗಳ ನಡುವೆ ಸಮದಪ್ಪದ ರೀಪುಗಳನ್ನಿಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿ, ತಿಂಗಳುಗಟ್ಟಲೆ ಕಾಯಬೇಕು. ಬಿಸಿಲಿಗೆ ಹಾಕಿದರೆ ಹೊರಮೈ ಮೊದಲೇ ಕುಗ್ಗಿ ಸೀಳು ಬಿಡುತ್ತದೆ. ಹಳೆಯ ಮನೆಗಳ ಬಾಗಿಲುಗಳನ್ನು ನೋಡಿರಿ: ನಡುವಿನ ಹಲಗೆಯನ್ನು ಮೊಳೆಯಿಂದ ಬಿಗಿಯದೆ ಚೌಕಟ್ಟಿನ ತೋಡಿನಲ್ಲಿ ಸಡಿಲವಾಗಿ ಕೂರಿಸಿರುತ್ತಾರೆ. ಅದು ಶ್ರಾವಣದಲ್ಲಿ ಹಿಗ್ಗಿದರೂ ವೈಶಾಖದಲ್ಲಿ ಕುಗ್ಗಿದರೂ ತೋಡಿನೊಳಗೇ ಸರಿದಾಡುತ್ತದೆ. ಸಂದು ಹೊರಗೆ ಕಾಣುವುದಿಲ್ಲ.