ನಿಮಗಿದು ಗೊತ್ತೇ? ನೂರು ಮೀಟರ್ ಓಟದ ಸಂಗತಿಗಳು

ಏಷ್ಯಾದ ಅತಿ ವೇಗದ ಓಟಗಾರ ಎಷ್ಟು ಎತ್ತರ? ಚೀನಾದ ಸು ಬಿಂಗ್ಟಿಯಾನ್ 172 ಸೆಂಟಿಮೀಟರ್, ಐದು ಅಡಿ ಎಂಟು ಅಂಗುಲಕ್ಕೂ ತುಸು ಕಡಿಮೆ. ನಮ್ಮ ಕಡೆಯ ನಿಂಬರ್ಗಾದ ಬಸ್ ನಿಲ್ದಾಣದಲ್ಲಿ ನಿಂತರೆ ಯಾರೂ ತಿರುಗಿ ನೋಡುವ ಎತ್ತರವಲ್ಲ. ಉಸೇನ್ ಬೋಲ್ಟ್ 195 ಸೆಂಟಿಮೀಟರ್. ಆದರೂ ಸು 100 ಮೀಟರನ್ನು 9.83 ಸೆಕೆಂಡಿನಲ್ಲಿ ಓಡಿ ಏಷ್ಯಾ ದಾಖಲೆ ಬರೆದರು.

ಆ ಓಟ ನಡೆದದ್ದು 2021ರ ಆಗಸ್ಟ್ 1ರಂದು, ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ. ಅಮೆರಿಕದ ರಾನಿ ಬೇಕರ್ ಕೂಡ 9.83 ಸೆಕೆಂಡಿನಲ್ಲೇ ಬಂದರು. ಸೆಕೆಂಡಿನ ಸಾವಿರದ ಭಾಗಗಳನ್ನು ಲೆಕ್ಕ ಹಾಕಿದಾಗ ಸು ಮೊದಲಿಗರಾದರು. ಅದೇ ಓಟದಲ್ಲಿ 9.84 ಸೆಕೆಂಡಿನೊಂದಿಗೆ ಮೂರನೆಯವರಾದ ಇಟಲಿಯ ಮಾರ್ಸೆಲ್ ಜೇಕಬ್ಸ್, ಅಂದು ರಾತ್ರಿಯೇ ಫೈನಲ್‌ನಲ್ಲಿ ಚಿನ್ನ ಗೆದ್ದರು! ಸು 9.98ಕ್ಕೆ ಆರನೆಯವರಾದರು. ಆರನೇ ಸ್ಥಾನವೆಂದು ಹಗುರವಾಗಿ ಕಾಣಬೇಡಿ. ಅದಕ್ಕೆ ಮುಂಚೆ ಏಷ್ಯಾದವರೊಬ್ಬರು ಒಲಿಂಪಿಕ್ಸ್‌ನ 100 ಮೀಟರ್ ಫೈನಲ್ ಓಡಿದ್ದು 1932ರಲ್ಲಿ. ಅವರು ಜಪಾನಿನ ತಕಯೋಶಿ ಯೋಶಿಯೋಕ.

ಆ 1932ರ ಲಾಸ್ ಏಂಜಲೀಸ್ ಕೂಟಕ್ಕೇ ಚೀನಾದ ಮೊದಲ ಒಲಿಂಪಿಕ್ ಸ್ಪರ್ಧಿ ಹೋಗಿದ್ದು. ಹೆಸರು ಲಿಯು ಚಾಂಗ್‌ಚುನ್, ಓಟಗಾರ. ಇಡೀ ದೇಶದಿಂದ ಅವರೊಬ್ಬರೇ ಸ್ಪರ್ಧಿ. ವಾರಗಟ್ಟಲೆ ಹಡಗಿನಲ್ಲಿ ಪಯಣಿಸಿ ಹೋಗಿ, ಮೊದಲ ಸುತ್ತಿನಲ್ಲೇ ಹೊರಬಿದ್ದರು.

ಅದಕ್ಕೂ 12 ವರ್ಷ ಮೊದಲೇ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಲಿಂಪಿಕ್ಸ್ ಓಡಿ ಬಂದಿದ್ದರು! 1920ರ ಆಂಟ್‌ವರ್ಪ್ ಮ್ಯಾರಥಾನ್‌ನಲ್ಲಿ ಅವರಿಗೆ 19ನೇ ಸ್ಥಾನ. ಎಷ್ಟು ಪಠ್ಯಪುಸ್ತಕಗಳಲ್ಲಿ ಈ ಹೆಸರಿದೆ?

ಟೋಕಿಯೊದಲ್ಲಿ 100 ಮೀಟರ್ ಓಡಿದ ಕನ್ನಡ ನಾಡಿನ ಓಟಗಾರ ಯಾರು? ಕೆನೆತ್ ಪೊವೆಲ್. 1940ರಲ್ಲಿ ಕೋಲಾರದಲ್ಲಿ ಹುಟ್ಟಿ, ಬೆಂಗಳೂರಿನ ಐ.ಟಿ.ಐ.ಯಲ್ಲಿ ಕೆಲಸಕ್ಕೆ ಸೇರಿದವರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್, 200 ಮೀಟರ್ ಮತ್ತು 4x100 ರಿಲೇ, ಮೂರರಲ್ಲೂ ಓಡಿದರು. ರಿಲೇ ತಂಡ ಸೆಮಿಫೈನಲ್ ತಲುಪಿತ್ತು. ಸು ಓಡಿದ್ದು ಸಿಂಥೆಟಿಕ್ ಟ್ರ್ಯಾಕಿನ ಮೇಲೆ. ಪೊವೆಲ್ ಓಡಿದ್ದು ಕಿಟ್ಟದ ಪುಡಿಯ ಟ್ರ್ಯಾಕಿನ ಮೇಲೆ. ಸ್ಪೈಕ್ಸ್ ಹಾಕಿ ಓಡಿದಂತೆಲ್ಲ ಅದು ಕಿತ್ತು ಬರುತ್ತಿತ್ತು. ಒಲಿಂಪಿಕ್ಸ್‌ನಲ್ಲಿ ಅಂಥ ಟ್ರ್ಯಾಕ್ ಕಂಡದ್ದು ಅದೇ ಕೊನೆ. ಪೊವೆಲ್‌ಗೆ 1965ರಲ್ಲಿ ಅರ್ಜುನ ಪ್ರಶಸ್ತಿ, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಕಂಚು. 2022ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 82.

ಚೀನಾದ ನೆಲ ಕನ್ನಡತಿಯರಿಗೆ ಒಲಿದಿದೆ. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಕೊಡಗಿನ ಅಶ್ವಿನಿ ನಾಚಪ್ಪ ಇದ್ದ 4x100 ರಿಲೇ ತಂಡಕ್ಕೆ ಬೆಳ್ಳಿ ಬಂತು. ಪಿ.ಟಿ. ಉಷಾ ಅವರನ್ನೇ ಹಿಂದೆ ಹಾಕಿದ್ದ ಓಟಗಾರ್ತಿ ಈಕೆ. ತಮ್ಮದೇ ಬದುಕಿನ ಕಥೆಯ ತೆಲುಗು ಚಿತ್ರ ‘ಅಶ್ವಿನಿ’ಯಲ್ಲಿ ತಾವೇ ನಾಯಕಿ. ಈಗ ಗೋಣಿಕೊಪ್ಪಲಿನಲ್ಲಿ ಅವರದೊಂದು ಶಾಲೆಯಿದೆ, ಆಟಕ್ಕೂ ಪಾಠದಷ್ಟೇ ಜಾಗವಿರುವ ಶಾಲೆ.

2010ರ ನವೆಂಬರ್, ಗುವಾಂಗ್‌ಝೌ ಏಷ್ಯನ್ ಗೇಮ್ಸ್. ಕುಂದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದರು, ಮರುದಿನ 4x400 ರಿಲೇಯಲ್ಲಿ ಮತ್ತೊಂದು. ಅದೇ ಕೂಟದಲ್ಲಿ, ಆಗಿನ್ನೂ 21ರ ಸು ಬಿಂಗ್ಟಿಯಾನ್ ಚೀನಾದ 4x100 ತಂಡದ ಜೊತೆ ಚಿನ್ನ ಗೆದ್ದರು. ಮುಂದಿನ ವರ್ಷ ಅಶ್ವಿನಿ ಅಕ್ಕುಂಜಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ ಎರಡು ವರ್ಷ ನಿಷೇಧಕ್ಕೆ ಒಳಗಾದರು. ಓಡುವ ಮಕ್ಕಳ ತಂದೆ ತಾಯಿಯರೇ, ಯಾರೋ ಕೊಟ್ಟ ಶಕ್ತಿಯ ಪುಡಿ, ಮಾತ್ರೆಗಳನ್ನು ಮಕ್ಕಳ ಬಾಯಿಗೆ ಹಾಕುವ ಮುನ್ನ ಡಾಕ್ಟರನ್ನು ಕೇಳಿ.

ಮತ್ತೆ ಸು ಕಥೆಗೆ ಬರೋಣ. ಓಟ ಶುರುವಾಗುವಾಗ ಕಾಲೂರುವ ಬ್ಲಾಕಿನಲ್ಲಿ ಮುಂದಿಡುವ ಕಾಲನ್ನೇ ಅವರು ನಡುವೆ ಬದಲಿಸಿಕೊಂಡರು! ಅಷ್ಟು ವರ್ಷ ರೂಢಿಯಾದದ್ದನ್ನು ಬಿಟ್ಟು ಹೊಸದಾಗಿ ಕಲಿಯುವುದೆಂದರೆ ಎಂಥ ಎದೆಗಾರಿಕೆ! 2015ರ ಮೇ 30ರಂದು ಅಮೆರಿಕದ ಯೂಜೀನ್‌ನಲ್ಲಿ 9.99 ಓಡಿದರು. ಏಷ್ಯಾದಲ್ಲಿ ಹುಟ್ಟಿದವರಲ್ಲಿ ಹತ್ತು ಸೆಕೆಂಡಿನ ಒಳಗೆ ಓಡಿದ ಮೊದಲಿಗರು ಅವರು. ಆಗ ವಯಸ್ಸು 25; ಆ 9.83 ಬಂದಾಗ 32ಕ್ಕೆ ಒಂದು ತಿಂಗಳಷ್ಟೇ ಬಾಕಿ.

ಈಗ ಓಟದ ನಿಯಮಗಳ ವಿಷಯ. ಪಿಸ್ತೂಲು ಹಾರಿದ ಮೇಲೆ 0.1 ಸೆಕೆಂಡಿನ ಒಳಗೆ ಹೊರಟರೂ ಅದು ಫೌಲ್ ಸ್ಟಾರ್ಟ್. ಸದ್ದು ಕೇಳಿಸಿ ಕಾಲಿಗೆ ಆಜ್ಞೆ ಹೋಗಲು ಅಷ್ಟು ಹೊತ್ತಾದರೂ ಬೇಕೆಂಬುದು ನಿಯಮ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆ ಲೆಕ್ಕಕ್ಕಿಲ್ಲ.

ಶಾಲೆಯ ಮೈದಾನದಲ್ಲಿ ಪಿ.ಟಿ. ಮಾಸ್ತರರು ಸ್ಟಾಪ್‌ವಾಚ್ ಒತ್ತಿ ಹೇಳುವ ಸಮಯಕ್ಕೆ 0.24 ಸೆಕೆಂಡು ಕೂಡಿಸಿ. ಬೆರಳಿನ ತಡ ಅಷ್ಟಿರುತ್ತದೆ. ಗಡಿಯಾರದಲ್ಲಿ 11.5 ಬಂದರೆ ಎಲೆಕ್ಟ್ರಾನಿಕ್ ಲೆಕ್ಕದಲ್ಲಿ ಅದು ಸುಮಾರು 11.74.

ಇನ್ನು ನಮ್ಮ ಕಾಲದ ಹುಡುಗ: ಉಡುಪಿ ಜಿಲ್ಲೆಯ ಮಣಿಕಂಠ ಹೋಬಳಿದಾರ್. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ 10.23 ಓಡಿ ಆಗಿನ ರಾಷ್ಟ್ರೀಯ ದಾಖಲೆ ಮುರಿದರು. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲೇ ಗುರಿಂದರ್‌ವೀರ್ ಸಿಂಗ್ 10.20ಕ್ಕೆ ಇಳಿಸಿದರು, ಅದೇ ಓಟದಲ್ಲಿ ಮಣಿಕಂಠ 10.22. ಜುಲೈನಲ್ಲಿ ಅನಿಮೇಶ್ ಕುಜುರ್ 10.18 ಓಡಿದರು. ಮಣಿಕಂಠ ಇದ್ದ 4x100 ತಂಡ 2025ರ ಏಪ್ರಿಲ್‌ನಲ್ಲಿ 38.69 ಸೆಕೆಂಡಿನ ರಾಷ್ಟ್ರೀಯ ದಾಖಲೆ ಬರೆಯಿತು.

ನಿಂಬರ್ಗಾ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಗುರುಗಳಲ್ಲಿ ಒಂದು ಕೇಳಿಕೆ. ವಲಯ ಮಟ್ಟದ ಕ್ರೀಡಾಕೂಟದಲ್ಲಿ ಕುಳ್ಳ ಹುಡುಗನೋ ಹುಡುಗಿಯೋ ಚೆನ್ನಾಗಿ ಓಡಿದರೆ, ಎತ್ತರ ಸಾಲದೆಂದು ಕೈಬಿಡಬೇಡಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ನಿಲಯಗಳಿಗೆ ಮಕ್ಕಳನ್ನು ಆರಿಸಿಕೊಳ್ಳುತ್ತದೆ. ಆಯ್ಕೆಯ ದಿನಾಂಕ ವಿಚಾರಿಸಿ, ಆ ಮಗುವನ್ನು ಕರೆದುಕೊಂಡು ಹೋಗಿ.