ಬೇವಿನ ಮರ ಕಡಿದರೆ ಗೊಣ್ಣೆಹುಳು ಹೋಗುವುದೇ?



ಎರಡು ವರ್ಷದ ಕೆಳಗೆ ಆಗಸ್ಟ್ ತಿಂಗಳ ಒಂದು ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದಾಗ, ನಮ್ಮ ಗುರುಮನೆಯ ಪಕ್ಕದ ಹೊಲದವರು ಒಂದು ಹಳೆಯ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಬಳಿ ನಿಂತಿದ್ದರು. ಮುಚ್ಚಳ ತೆಗೆದು ತೋರಿಸಿದರು. ಒಳಗೆ ಒಂದು ಹಿಡಿ ಕೆಂಪು ಮಣ್ಣು, ಅದರಲ್ಲಿ ಐದಾರು ಬಿಳಿ ಹುಳು. ಪೆನ್ಸಿಲಿನಷ್ಟು ದಪ್ಪ, ಕಂದು ತಲೆ, ಎಲ್ಲವೂ ಬಿಲ್ಲಿನಂತೆ ಬಾಗಿಕೊಂಡು ಮಲಗಿದ್ದವು.

"ಎರಡೆಕರೆ ಶೇಂಗಾದಾಗ ಅರ್ಧ ಎಕರೆ ಹೋತು ಸ್ವಾಮಿ. ಗಿಡ ಹಿಡಿದು ಎಳೆದ್ರೆ ಬೇರೇ ಇಲ್ಲ, ಹಂಗೇ ಕೈಗೆ ಬರ್ತೈತಿ. ಇವು ನಿಮ್ಮ ಬೇವಿನ ಗಿಡದಿಂದ ಬಂದಾವಂತ. ಅದನ್ನ ಕಡಿಸಿಬಿಡ್ರಿ."

ನಮಗೆ ನಗು ಬಂತೆಂದು ಒಪ್ಪಿಕೊಳ್ಳಬೇಕು. ಧಾನ್ಯಕ್ಕೆ ಹುಳು ಬೀಳದಿರಲೆಂದು ಬೇವಿನ ಸೊಪ್ಪು ಹಾಕಿಡುವ ಊರಿನಲ್ಲಿ, ಬೇವಿನಿಂದಲೇ ಹುಳು ಬಂತೆಂದರೆ ಯಾರು ನಂಬುತ್ತಾರೆ? ಆದರೆ ಆ ಮನುಷ್ಯ ಸಾಲ ಮಾಡಿ ಬಿತ್ತನೆ ಬೀಜ ತಂದವರು. ನಗುವ ಹೊತ್ತಾಗಿರಲಿಲ್ಲ. ಆಮೇಲೆ ತಿಳಿದವರನ್ನು ವಿಚಾರಿಸಿದೆವು, ಓದಿದೆವು, ಮರುವರ್ಷ ಕಣ್ಣಾರೆ ನೋಡಿದೆವು. ಅವರ ಮಾತು ಅರ್ಧ ಸರಿಯಾಗಿತ್ತು.

ಇದು ಗೊಣ್ಣೆಹುಳು. ತೆಲುಗಿನವರು ವೇರುಪುರುಗು ಎನ್ನುತ್ತಾರೆ. ವಿಜ್ಞಾನಿಗಳು ಹೊಲೊಟ್ರೈಕಿಯಾ ಎಂದು ಕರೆಯುವ ಕುಲದ ದುಂಬಿಯ ಮರಿ ಇದು. 1990ರ ದಶಕದಲ್ಲಿ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳೂ ಸೇರಿ ದಕ್ಷಿಣ ಭಾರತದ ಶೇಂಗಾ ಹೊಲಗಳಲ್ಲಿ ಹುಡುಕಿದಾಗ ಹೆಚ್ಚಾಗಿ ಸಿಕ್ಕಿದ್ದು ಇದೇ ಕುಲದ್ದು. ಮರಳು ಬೆರೆತ ಹಗುರ ಕೆಂಪು ಮಣ್ಣು ಅದಕ್ಕೆ ಪ್ರೀತಿ; ರಾಯದುರ್ಗದ ಸುತ್ತಲಿನ ಒಣ ಹೊಲಗಳೂ ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರದ ಕಡಲೆಕಾಯಿ ಹೊಲಗಳೂ ಹೇಳಿ ಮಾಡಿಸಿದಂತಿವೆ. (ರಾಯದುರ್ಗದ ನೀವು ಶೇಂಗಾ ಎನ್ನುವಿರಿ, ಮಡಕಶಿರಾದವರು ಕಡಲೆಕಾಯಿ ಎನ್ನುವರು. 2022ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರಿಂದ ಜಿಲ್ಲೆಯೂ ಬೇರೆಯಾಯಿತು. ಹುಳುವಿಗೆ ಇದಾವುದೂ ಗೊತ್ತಿಲ್ಲ.)

ಹುಳುವಿನ ಬಾಳು ಹೀಗೆ. ಬೇಸಿಗೆಯುದ್ದಕ್ಕೂ ದುಂಬಿ ಮಣ್ಣಿನ ಆಳದಲ್ಲಿ ಅಲುಗಾಡದೆ ಮಲಗಿರುತ್ತದೆ. ಮೇ ಕೊನೆಗೋ ಜೂನ್‌ನಲ್ಲೋ, ರೋಹಿಣಿ ಮೃಗಶಿರಾದ ಹೊತ್ತಿಗೆ, ಮಣ್ಣು ಒದ್ದೆಯಾಗುವಂಥ ಮೊದಲ ಮಳೆ ಬಿದ್ದೊಡನೆ ಮುಸ್ಸಂಜೆಯ ಕತ್ತಲಲ್ಲಿ ಸಾಲಾಗಿ ಮೇಲೆದ್ದು ಬರುತ್ತದೆ. ಹುಣಸೆಬೀಜದ ಬಣ್ಣ, ಅದಕ್ಕಿಂತ ಸ್ವಲ್ಪ ದೊಡ್ಡದು. ಹತ್ತಿರ ಬೇವಿದ್ದರೆ ಬೇವಿಗೆ, ಇಲ್ಲವಾದರೆ ಬೋರೆ, ಜಾಲಿ, ನುಗ್ಗೆಗೆ ಹಾರಿ ಕೂರುತ್ತದೆ. ಅಲ್ಲಿಯೇ ಗಂಡು ಹೆಣ್ಣು ಕೂಡುತ್ತವೆ, ರಾತ್ರಿಯೆಲ್ಲ ಎಲೆ ತಿನ್ನುತ್ತವೆ, ನಸುಕಿಗೆ ಮುಂಚೆ ಇಳಿದು ಮಣ್ಣು ಸೇರುತ್ತವೆ. ಬೆಳಿಗ್ಗೆ ನಮಗೆ ಕಾಣುವುದು ಅಂಚು ಕಚ್ಚಿದ ಎಲೆ ಮಾತ್ರ. ಬೇವಿಗೆ ಹುಳು ಮುಟ್ಟುವುದಿಲ್ಲವೆಂದು ನಾವು ನಂಬಿಕೊಂಡಿರುವುದು ರಾತ್ರಿ ಎದ್ದು ನೋಡದಿರುವುದರಿಂದ.

ಹೆಣ್ಣು ದುಂಬಿ ಸುತ್ತಲಿನ ಹಸಿ ಮಣ್ಣಿನಲ್ಲಿ ಬಿಡಿಬಿಡಿಯಾಗಿ ಮೊಟ್ಟೆ ಇಡುತ್ತದೆ. ಒಂದೂವರೆ ವಾರದಲ್ಲಿ ಮರಿ. ಅಷ್ಟು ಹೊತ್ತಿಗೆ ನಮ್ಮ ಬಿತ್ತನೆಯೂ ಆಗಿರುತ್ತದೆ. ಮರಿ ಮೊದಲು ಕೊಳೆತ ಕಸ, ಎಳೆ ಬೇರು ತಿಂದು, ಬೆಳೆದಂತೆ ತಾಯಿಬೇರನ್ನೇ ಕತ್ತರಿಸುತ್ತದೆ. ಒಂದು ಗಿಡ ಮುಗಿಸಿ ಅದೇ ಸಾಲಿನ ಮುಂದಿನ ಗಿಡಕ್ಕೆ ಹೋಗುತ್ತದೆ. ಆದ್ದರಿಂದಲೇ ಹೊಲದಲ್ಲಿ ಗಿಡಗಳು ಸಾಲುಸಾಲಾಗಿ ತೇಪೆತೇಪೆಯಾಗಿ ಒಣಗುವುದು. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮಣ್ಣಿನಲ್ಲೇ ಕೋಶವಾಗಿ, ದುಂಬಿಯಾಗಿ, ಹೊರಗೆ ಬಾರದೆ ಮುಂದಿನ ಮಳೆಗೆ ಕಾಯುತ್ತದೆ. ವರ್ಷಕ್ಕೆ ಒಂದೇ ತಲೆಮಾರು. ಆದ್ದರಿಂದ ಹೆಣ್ಣು ದುಂಬಿ ಮೊಟ್ಟೆ ಇಡುವ ಮುಂಚೆ ಸಿಕ್ಕಿಬಿದ್ದರೆ ಆ ಸಂತತಿ ಅಲ್ಲಿಗೇ ನಿಂತಿತು. ಆಗಸ್ಟ್‌ನಲ್ಲಿ ಡಬ್ಬಿ ಹಿಡಿದು ಬರುವ ಹೊತ್ತಿಗೆ ಮಾಡಬಹುದಾದದ್ದು ಬಹಳ ಕಡಿಮೆ. ಬಲಿತ ಹುಳು ಔಷಧಿಗೆ ಸುಲಭವಾಗಿ ಜಗ್ಗುವುದಿಲ್ಲ.

ಹಾಗಾದರೆ ಮರ ಕಡಿಯಬೇಕೆ? ಬೇಡ. ನಮ್ಮ ಅಂಗಳದ ಬೇವು ಹೋದರೆ ದುಂಬಿ ನಿಮ್ಮ ಹಿತ್ತಲ ನುಗ್ಗೆಗೆ ಹೋಗುತ್ತದೆ, ಬದುವಿನ ಜಾಲಿಗೆ ಹೋಗುತ್ತದೆ. ಹುಟ್ಟಿದ್ದು ಮರದಲ್ಲಲ್ಲ, ಹೊಲದ ಮಣ್ಣಿನಲ್ಲಿ. ಹೊಲವೆಲ್ಲ ಚದುರಿ ಮಲಗಿದ್ದ ಶತ್ರುವನ್ನು ಕೆಲವು ರಾತ್ರಿಯ ಮಟ್ಟಿಗೆ ಒಂದೆಡೆ ಕೂಡಿಸಿಕೊಡುವುದು ಆ ಮರ. ಮಡಕಶಿರಾ ಕಡೆಯ ರೈತರೊಬ್ಬರು ಯಾರದೋ ಮಾತು ಕೇಳಿ ಮೂವತ್ತು ವರ್ಷದ ಬೇವನ್ನು ಉರುಳಿಸಿದರು. ಮರುವರ್ಷವೂ ಹುಳು ಇತ್ತು, ನೆರಳು ಇರಲಿಲ್ಲ.

ನಾವು ಮಾಡಿದ್ದನ್ನು ಹೇಳುತ್ತೇವೆ. ಮೊದಲ ಮಳೆ ಬಿದ್ದ ಸಂಜೆಯೇ, ಮಾರನೆಯ ದಿನಕ್ಕೆ ಕಾಯದೆ, ಏಳೂವರೆಗೆ ಮರದ ಕೆಳಗೆ ಹಳೆಯ ಬೆಡ್‌ಶೀಟು, ತಾಡಪಾಲು ಹಾಸಿದೆವು. ಎಂಟರ ಹೊತ್ತಿಗೆ ಟಾರ್ಚು ಬಿಟ್ಟರೆ ಒಂದೊಂದು ರೆಂಬೆಯಲ್ಲೂ ದುಂಬಿ. ಉದ್ದ ಗಳುವಿಗೆ ಕೊಕ್ಕೆ ಕಟ್ಟಿ ರೆಂಬೆ ಹಿಡಿದು ಜೋರಾಗಿ ಅಲುಗಾಡಿಸಿದರೆ ಹುಣಸೆಬೀಜ ಸುರಿದಂತೆ ಪಟಪಟ ಬೀಳುತ್ತವೆ. ಬಿದ್ದವು ಸ್ವಲ್ಪ ಹೊತ್ತು ಸತ್ತಂತೆ ಮಲಗುತ್ತವೆ. ಅಷ್ಟರೊಳಗೆ ಬಾಚಿ ಬಕೆಟ್ಟಿಗೆ ಹಾಕಬೇಕು. ಮೊದಲು ಸೀಮೆಎಣ್ಣೆ ಬೆರೆಸಿದ ನೀರು ಇಡುತ್ತಿದ್ದರು. ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ, ಬಟ್ಟೆ ಸೋಪಿನ ಗಟ್ಟಿ ನೀರು ಸಾಕಾಗುತ್ತದೆ. ಔಷಧಿ ಹೊಡೆಯದ ಮರದ ದುಂಬಿಯಾದರೆ ಸೋಪಿಗೆ ಹಾಕದೆ ಕೋಳಿಗೆ ಕೊಡಿ, ಬಿಡುವುದಿಲ್ಲ. ಮೊದಲ ರಾತ್ರಿ ಅರ್ಧ ಬಕೆಟ್ಟು ಸಿಕ್ಕಿತು. ಎರಡನೆಯ ರಾತ್ರಿ ಅದಕ್ಕಿಂತ ಹೆಚ್ಚು. ಐದನೆಯ ರಾತ್ರಿ ನಮ್ಮ ಹುಡುಗರಿಗೆ ಬೇಜಾರಾಗಿತ್ತು, ದುಂಬಿಯೂ ಕಡಿಮೆಯಾಗಿತ್ತು. ಆದರೆ ಎರಡು ಮೂರು ವಾರ, ಪ್ರತಿ ಮಳೆಯ ಸಂಜೆ, ಒಮ್ಮೆ ಟಾರ್ಚು ಬಿಟ್ಟು ನೋಡುವುದು ಒಳ್ಳೆಯದು. ಬದುವಿನಲ್ಲಿ ಮರವೇ ಇಲ್ಲದವರು ಬೇವಿನ ಕೊಂಬೆಗಳನ್ನು ತಂದು ಹೊಲದಲ್ಲಿ ಅಲ್ಲಲ್ಲಿ ನೆಟ್ಟು, ರಾತ್ರಿ ಹೋಗಿ ಕೊಡವಿ ಹಿಡಿಯಬಹುದು.

ಇದರಲ್ಲಿ ಒಂದು ತೊಡಕುಂಟು. ಒಬ್ಬರೇ ಮಾಡಿದರೆ ಪ್ರಯೋಜನ ಅಲ್ಪ. ದುಂಬಿಗೆ ಬದು ಗಡಿಯಲ್ಲ. ಅಮೆರಿಕದಲ್ಲಿ ಇಂಥದೇ ಒಂದು ಕಥೆಯಿದೆ. ಜಪಾನಿನ ಒಂದು ದುಂಬಿ 1916ರಲ್ಲಿ ನ್ಯೂಜೆರ್ಸಿಯ ಸಸಿತೋಟವೊಂದರಲ್ಲಿ ಕಾಣಿಸಿಕೊಂಡು, ಮೆಲ್ಲಮೆಲ್ಲಗೆ ದೇಶದ ಬಹುಭಾಗಕ್ಕೆ ಹರಡಿತು. ಅದರ ಮರಿ ಮನೆಮುಂದಿನ ಹುಲ್ಲಿನ ಬೇರು ತಿನ್ನುತ್ತದೆ, ದುಂಬಿ ಗುಲಾಬಿ, ದ್ರಾಕ್ಷಿ ತಿನ್ನುತ್ತದೆ. ಜನ ಅಂಗಡಿಯಿಂದ ವಾಸನೆಯ ಬಲೆ ತಂದು ತಮ್ಮ ತೋಟದಲ್ಲಿ ನೇತುಹಾಕಿದರು. ಕೆಂಟಕಿ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಪರೀಕ್ಷಿಸಿದಾಗ, ಬಲೆಗೆ ಬೀಳುವುದಕ್ಕಿಂತ ಹೆಚ್ಚು ದುಂಬಿಗಳು ಸುತ್ತಮುತ್ತಲಿಂದ ಆ ತೋಟಕ್ಕೇ ಬರುತ್ತವೆಂದು ಕಂಡಿತು. ಬಲೆ ಕಟ್ಟಿದವನ ಗುಲಾಬಿಗೇ ಹೆಚ್ಚು ನಷ್ಟ! ನಮ್ಮದು ಪರದೇಶದಿಂದ ಬಂದ ಹುಳುವಲ್ಲ, ಇಲ್ಲಿಯದೇ. ಆದರೂ ಲೆಕ್ಕ ಅದೇ. ಊರಿನ ಎಲ್ಲ ಬೇವಿನ ಕೆಳಗೂ ಅದೇ ರಾತ್ರಿ ಜನ ನಿಲ್ಲಬೇಕು.

ಹುಳುವಿನ ಕಾಟ ಹೊಸದೂ ಅಲ್ಲ. 1479ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ಊರಿನ ಬಿಷಪರ ನ್ಯಾಯಾಲಯದಲ್ಲಿ ಬೆಳೆ ಹಾಳುಮಾಡಿದ ಹೊಲದ ಹುಳುಗಳ ಮೇಲೆ ಮೊಕದ್ದಮೆಯನ್ನೇ ನಡೆಸಿ, ತೀರ್ಪು ಕೊಟ್ಟು, ಶಾಪ ಹಾಕಿದರು. ಹುಳುಗಳು ಅದನ್ನು ಲೆಕ್ಕಿಸಿದಂತೆ ಕಾಣುವುದಿಲ್ಲ. ಆದ್ದರಿಂದ ಹೊಲಕ್ಕೆ ಬಂದು ಮಂತ್ರಿಸಿದ ನೀರು ಚಿಮುಕಿಸಿ ಎಂದು ಕರೆಯುವವರಿಗೆ ನಮ್ಮ ಮನವಿ: ಬರುತ್ತೇವೆ, ಆದರೆ ರಾತ್ರಿ ಎಂಟಕ್ಕೆ, ಟಾರ್ಚಿನೊಂದಿಗೆ.

ಇನ್ನು ಔಷಧಿಯ ಮಾತು. ಹಿಂದೆ ಬಿ.ಎಚ್.ಸಿ. ಪುಡಿಯನ್ನು ಬರಿಗೈಯಲ್ಲಿ ಎರಚುತ್ತಿದ್ದೆವು. 1997ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಆಮೇಲೆ ಫೋರೇಟ್ ಹರಳು ಬಂತು. ಅದನ್ನೂ 2020ರ ಕೊನೆಯಿಂದ ನಿಷೇಧಿಸಲಾಗಿದೆ. ಆದರೂ ಕೆಲವರ ಅಟ್ಟದ ಮೇಲೆ ಅರ್ಧ ಚೀಲ ಉಳಿದಿರುವುದನ್ನು ನಾವು ಮನೆ ಭೇಟಿಯಲ್ಲಿ ನೋಡಿದ್ದೇವೆ, ಅದೂ ಜೋಳದ ಡಬ್ಬದ ಪಕ್ಕದಲ್ಲಿ. ದಯವಿಟ್ಟು ಬಳಸಬೇಡಿ, ಬಾವಿಗೆ ಹಳ್ಳಕ್ಕೆ ಸುರಿಯಬೇಡಿ. ಬೀಗ ಹಾಕಿಟ್ಟು, ಏನು ಮಾಡಬೇಕೆಂದು ಮಂಡಲದ ವ್ಯವಸಾಯಾಧಿಕಾರಿಯನ್ನು ಕೇಳಿ.

ಹುಳು ಬೀಳುವ ಹೊಲವಾದರೆ ಬಿತ್ತುವ ಮುಂಚೆ ಬೀಜೋಪಚಾರ ಮಾಡುವುದು ಲೇಸು. ಆಂಧ್ರದಲ್ಲಿ ಹೇಳುವ ಪ್ರಮಾಣ ಕಿಲೋ ಬೀಜಕ್ಕೆ ಕ್ಲೋರಿಪೈರಿಫಾಸ್ 20 ಇ.ಸಿ. 6.5 ಮಿ.ಲೀ. ಹೊಲಕ್ಕೆಲ್ಲ ಎರಚುವುದಕ್ಕಿಂತ ಖರ್ಚೂ ಕಡಿಮೆ, ವಿಷವೂ ಕಡಿಮೆ. ಡಬ್ಬಿಯ ಮೇಲಿನ ಬರಹ ಓದಿಸಿಕೊಂಡು, ಅಧಿಕಾರಿಯನ್ನು ಒಮ್ಮೆ ಕೇಳಿಯೇ ಬಳಸಿ. ಕೈಗವಸು ಹಾಕಿ ಬೆರೆಸಿ, ನೆರಳಿನಲ್ಲಿ ಆರಿಸಿ. ಇಲ್ಲಿ ತಾಯಂದಿರಿಗೆ ಒಂದು ಮಾತು: ಬಿತ್ತಿ ಉಳಿದ ಶೇಂಗಾಬೀಜ ನೋಡಲು ಶೇಂಗಾಬೀಜವೇ. ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಉಳಿಸಬೇಡಿ, ಹುರಿಯಬೇಡಿ, ಎಣ್ಣೆಗೆ ಹಾಕಬೇಡಿ, ದನಕ್ಕೂ ಬೇಡ.

ಬೆರೆಸಿದವರಿಗೆ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು, ಮೈ ಅದುರುವುದು ಕಂಡರೆ ಬಿಸಿಲಿನ ಆಯಾಸವೆಂದು ಮಲಗಿಸಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಟ್ಟೆ ತೆಗೆದು ಸೋಪಿನಿಂದ ಮೈ ತೊಳೆದು, 108ಕ್ಕೆ ಕರೆ ಮಾಡಿ, ಔಷಧಿಯ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷವೆಂದು ತಿಳಿದರೆ ವೈದ್ಯರು ತಡಮಾಡದೆ ಅದಕ್ಕೆ ತಕ್ಕ ಇಂಜೆಕ್ಷನ್ ಕೊಡಬಲ್ಲರು.

ಅಂಗಳದ ಬೇವಿಗೇ ಔಷಧಿ ಹೊಡೆಯುವ ಪದ್ಧತಿಯೂ ಉಂಟು. ಮನೆಯ ಮುಂದಿನ ಮರಕ್ಕೆ ನಮಗೆ ಅದು ಒಪ್ಪಿಗೆಯಿಲ್ಲ. ಆ ಸೊಪ್ಪನ್ನು ಮೇಕೆಗೆ ಮುರಿದುಹಾಕುತ್ತೀರಿ, ಅದರ ನೆರಳಿನಲ್ಲೇ ತೊಟ್ಟಿಲು ಕಟ್ಟುತ್ತೀರಿ. ಮಡಕಶಿರಾ ಕಡೆಯವರು ಇನ್ನೂ ಎಚ್ಚರವಾಗಿರಬೇಕು: ಗಾಳಿಗೆ ಒಂದು ಹನಿ ಹಿಪ್ಪುನೇರಳೆ ತೋಟಕ್ಕೆ ಹಾರಿದರೆ ರೇಷ್ಮೆಹುಳುವಿನ ಇಡೀ ಚಾಕಣೆಯೇ ಹೋದೀತು.

ಮೆಟರೈಜಿಯಂ ಎಂಬ ಬೂಷ್ಟು ಹುಳುವಿಗೆ ರೋಗ ತಂದು ಕೊಲ್ಲುತ್ತದೆ, ನಮಗೆ ಅಪಾಯವಿಲ್ಲ. ಕೊಳೆತ ಗೊಬ್ಬರದಲ್ಲಿ ಬೆರೆಸಿ ಮಣ್ಣಿಗೆ ಸೇರಿಸುತ್ತಾರೆ. ಆದರೆ ಅದಕ್ಕೆ ತೇವ ಬೇಕು. ಹನಿ ನೀರಾವರಿಯ ಅಡಿಕೆ, ತೆಂಗಿನ ತೋಟಕ್ಕೆ ಒಪ್ಪುತ್ತದೆ. ಮಳೆ ಕೈಕೊಡುವ ರಾಯದುರ್ಗದ ಒಣ ಹೊಲದಲ್ಲಿ ನಾವು ಅದನ್ನೇ ನೆಚ್ಚಿಕೊಳ್ಳುವುದಿಲ್ಲ. ಅಲ್ಲಿ ಶೇಂಗಾ ಕಿತ್ತ ಕೂಡಲೇ ಒಮ್ಮೆ ನೇಗಿಲು ಹೊಡೆಯುವುದೇ ಮೇಲು. ಕೋಶಗಳು ಮೇಲೆ ಬರುತ್ತವೆ, ಬೆಳ್ಳಕ್ಕಿ, ಗೊರವಂಕ, ಕಾಗೆ ಹಿಂದೆಯೇ ಬಂದು ಆರಿಸುತ್ತವೆ.

ಡಬ್ಬಿ ತರುವವರಲ್ಲಿ ಅರ್ಧದಷ್ಟು ಮಂದಿ ತಿಪ್ಪೆಯ ಹುಳು ತಂದು ಹೆದರುತ್ತಾರೆ. ಅದನ್ನು ಗುರುತಿಸುವುದು ಸುಲಭ. ನೆಲದ ಮೇಲೆ ಬಿಡಿ. ಬೆನ್ನ ಮೇಲೆ ಮಲಗಿ, ಕಾಲು ಮೇಲೆ ಮಾಡಿ ಸರಸರ ಹರಿದರೆ ಅದು ಕೊಳೆತ ಕಸ ತಿನ್ನುವ ಬೇರೆ ದುಂಬಿಯ ಮರಿ. ಹೂಕುಂಡದಲ್ಲಿ ಸಿಕ್ಕರೂ ಚಿಂತೆಯಿಲ್ಲ. ಹೆಬ್ಬೆರಳಿನಷ್ಟು ದಪ್ಪನೆಯದು ತಿಪ್ಪೆಯಲ್ಲಿದ್ದರೆ ಅದು ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿ ಇರಬಹುದು. ಅದು ಶೇಂಗಾಕ್ಕೆ ಬರುವುದಿಲ್ಲ, ಆದರೆ ತೆಂಗಿದ್ದವರು ಆರಿಸಿ ಕೊಲ್ಲಬೇಕು. ಪೂರ್ತಿ ಕೊಳೆಯದ ಗೊಬ್ಬರವನ್ನು ಮಾತ್ರ ಹೊಲಕ್ಕೆ ಹೊಡೆಯಬೇಡಿ. ನಿಮ್ಮ ಹೊಲದಲ್ಲಿ ನಿಜವಾದ ಗೊಣ್ಣೆ ಎಷ್ಟಿದೆಯೆಂದು ತಿಳಿಯಲು, ಬೆಳೆಯಿದ್ದಾಗ ಹತ್ತು ಕಡೆ ಒಂದೊಂದು ಮೀಟರ್ ಚೌಕ ಅಗೆದು ಎಣಿಸಿ. ಚೌಕಕ್ಕೆ ಒಂದರಂತೆ ಸಿಕ್ಕರೂ ಮುಂದಿನ ವರ್ಷ ಸುಮ್ಮನಿರಬಾರದು. ಸಂಶಯವಿದ್ದರೆ ರೆಡ್ಡಿಪಲ್ಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಬಹುದು.

ಪಕ್ಕದ ಹೊಲದವರು ಕಳೆದ ವರ್ಷ ಮೂರನೆಯ ರಾತ್ರಿ ತಾವೇ ಬಕೆಟ್ಟು ತಂದರು. ಅವರ ಹೊಲದಲ್ಲಿ ಹುಳು ಪೂರ್ತಿ ಹೋಗಲಿಲ್ಲ. ಒಣಗಿದ ತೇಪೆ ಮೊದಲಿಗಿಂತ ಚಿಕ್ಕದಾಗಿತ್ತು. ಮರ ಕಡಿಸುವ ಮಾತು ಮತ್ತೆ ಎತ್ತಿಲ್ಲ. ಆದರೆ ಅವರ ಆಚೆಗಿನ ನಾಲ್ಕು ಮನೆಯವರು ಇನ್ನೂ ಬಂದಿಲ್ಲ, ಅಲ್ಲಿ ಮೂರು ದೊಡ್ಡ ಬೇವಿವೆ.

ಆದ್ದರಿಂದ ಈ ವರ್ಷ ಹೀಗೆ ಮಾಡುತ್ತೇವೆ. ಮಣ್ಣು ನೆನೆಯುವಷ್ಟು ಮೊದಲ ಮಳೆ ಬಿದ್ದ ಸಂಜೆ ಏಳು ಗಂಟೆಗೆ ದೇವಾಲಯದ ಗಂಟೆ ಹೊಡೆಯುತ್ತದೆ. ಅದು ಪೂಜೆಯ ಗಂಟೆಯಲ್ಲ. ಯಾವ ಮತದವರಾದರೂ ಸರಿ, ಮನೆಗೊಬ್ಬರಂತೆ ಟಾರ್ಚು, ಬಕೆಟ್ಟು, ಹಳೆಯ ಹೊದಿಕೆ ತೆಗೆದುಕೊಂಡು ಬನ್ನಿ. ಗಳು, ಕೊಕ್ಕೆ, ಸೋಪು ನಮ್ಮಲ್ಲಿವೆ.