ಕ್ಲೈಂಟ್ ಪ್ರಮಾಣಪತ್ರ ದೃಢೀಕರಣ

ಕ್ಲೈಂಟ್ ಪ್ರಮಾಣಪತ್ರ ದೃಢೀಕರಣ ಎಂಬುದು ಗಣಕಜಾಲದಲ್ಲಿ ಸಂಪರ್ಕ ಕೋರುವ ವ್ಯಕ್ತಿಯನ್ನು ಅಥವಾ ಯಂತ್ರವನ್ನು ಡಿಜಿಟಲ್ ಪ್ರಮಾಣಪತ್ರದ ಆಧಾರದಿಂದ ಸರ್ವರ್ ತಂತ್ರಾಂಶವು ಗುರುತಿಸುವ ವಿಧಾನ. ಹೀಗೆ ಸಂಪರ್ಕ ಕೋರುವ ಕಡೆಯನ್ನು ಕ್ಲೈಂಟ್ ಎನ್ನುತ್ತಾರೆ. ಸಾಮಾನ್ಯ ಜಾಲತಾಣಗಳಲ್ಲಿ ಸರ್ವರ್ ಮಾತ್ರ ತನ್ನ ಪ್ರಮಾಣಪತ್ರವನ್ನು ತೋರಿಸುತ್ತದೆ. ಇಲ್ಲಿ ಎರಡೂ ಕಡೆಯವರು ತೋರಿಸುವುದರಿಂದ ಇದಕ್ಕೆ ಪರಸ್ಪರ ದೃಢೀಕರಣ ಎಂಬ ಹೆಸರೂ ಇದೆ. ಇದು ಟಿಎಲ್‌ಎಸ್ ಎಂಬ ಭದ್ರತಾ ನಿಯಮಾವಳಿಯ ಐಚ್ಛಿಕ ಭಾಗವಾಗಿದೆ.

ಪ್ರಮಾಣಪತ್ರದ ಸ್ವರೂಪ

ಈ ಪ್ರಮಾಣಪತ್ರಗಳು 1988ರಲ್ಲಿ ಮೊದಲು ಪ್ರಕಟವಾದ ಎಕ್ಸ್.509 ಮಾನದಂಡವನ್ನು ಅನುಸರಿಸುತ್ತವೆ. ಹೊಂದಿರುವವರ ಹೆಸರು, ಸಾರ್ವಜನಿಕ ಕೀಲಿ, ಚಾಲ್ತಿಯ ಅವಧಿ ಹಾಗೂ ಪತ್ರವನ್ನು ನೀಡಿದ ಪ್ರಾಧಿಕಾರದ ಡಿಜಿಟಲ್ ಸಹಿ ಅದರಲ್ಲಿರುತ್ತವೆ. ಸಾರ್ವಜನಿಕ ಕೀಲಿಗೆ ಜೋಡಿಯಾದ ಖಾಸಗಿ ಕೀಲಿಯು ಪತ್ರದಲ್ಲಿರುವುದಿಲ್ಲ. ಅದು ಕ್ಲೈಂಟಿನ ಬಳಿಯಲ್ಲಿಯೇ ಗೋಪ್ಯವಾಗಿರುತ್ತದೆ.

ಕಾರ್ಯವಿಧಾನ

ಸಂಪರ್ಕದ ಆರಂಭದಲ್ಲಿ ಸರ್ವರ್ ಪ್ರಮಾಣಪತ್ರವನ್ನು ಕೇಳುತ್ತದೆ. ಕ್ಲೈಂಟ್ ಅದನ್ನು ಕಳುಹಿಸಿ, ಅಲ್ಲಿಯವರೆಗೆ ನಡೆದ ಸಂದೇಶ ವಿನಿಮಯಕ್ಕೆ ತನ್ನ ಖಾಸಗಿ ಕೀಲಿಯಿಂದ ಸಹಿ ಹಾಕುತ್ತದೆ. ಪತ್ರದಲ್ಲಿರುವ ಸಾರ್ವಜನಿಕ ಕೀಲಿಯಿಂದ ಸರ್ವರ್ ಆ ಸಹಿಯನ್ನು ಪರೀಕ್ಷಿಸುತ್ತದೆ. ಆದುದರಿಂದ ಪತ್ರದ ನಕಲು ಮಾತ್ರ ಇದ್ದವನು ಒಳಬರಲಾರ. ಗುಪ್ತಪದದಂತೆ ರಹಸ್ಯವು ಜಾಲದಲ್ಲಿ ಸಾಗುವ ಪ್ರಮೇಯವೂ ಇಲ್ಲ. ಟಿಎಲ್‌ಎಸ್ 1.2ರ ಆರಂಭಿಕ ವಿನಿಮಯದಲ್ಲಿ ಕ್ಲೈಂಟಿನ ಪತ್ರವು ಗೂಢಲಿಪೀಕರಣವಿಲ್ಲದೆ ಸಾಗುತ್ತಿತ್ತು. 2018ರಲ್ಲಿ ಬಂದ 1.3ನೆಯ ಆವೃತ್ತಿಯಲ್ಲಿ ಅದು ಗೂಢಲಿಪಿಯಲ್ಲಿ ಸಾಗುತ್ತದೆ.

ಗುರುತು ಮತ್ತು ಅನುಮತಿ

ಪ್ರಮಾಣಪತ್ರವು ಬಂದವರು ಯಾರೆಂಬುದನ್ನು ತಿಳಿಸುತ್ತದೆಯೇ ಹೊರತು ಅವರಿಗೆ ಯಾವ ಅಧಿಕಾರವಿದೆ ಎಂಬುದನ್ನಲ್ಲ. ಗುರುತಿನ ಚೀಟಿ ತೋರಿಸಿದವರಿಗೆಲ್ಲ ಗ್ರಂಥಾಲಯವು ಪುಸ್ತಕ ಕೊಡುವುದಿಲ್ಲ. ಸದಸ್ಯರ ಪಟ್ಟಿಯನ್ನೂ ನೋಡುತ್ತದೆ. ಹಾಗೆಯೇ ಪತ್ರದಲ್ಲಿರುವ ಹೆಸರನ್ನು ಸರ್ವರ್ ತನ್ನ ಪಟ್ಟಿಯೊಡನೆ ಹೋಲಿಸಬೇಕು. ಉದಾಹರಣೆಗೆ, ಪೋಸ್ಟ್‌ಗ್ರೆಎಸ್‌ಕ್ಯೂಎಲ್ ದತ್ತಸಂಚಯದ ಪ್ರಮಾಣಪತ್ರ ವಿಧಾನದಲ್ಲಿ ಪತ್ರದಲ್ಲಿನ ಹೆಸರು ಬಳಕೆದಾರನ ಹೆಸರಿಗೆ ಹೊಂದಬೇಕು, ಇಲ್ಲವೆ ಹೆಸರುಗಳ ನಕ್ಷೆಯೊಂದನ್ನು ನಿರ್ವಾಹಕರು ಬರೆದಿಡಬೇಕು. ಸಾವಿರಾರು ಜನರಿಗೆ ಪತ್ರ ನೀಡುವ ಸಾರ್ವಜನಿಕ ಪ್ರಾಧಿಕಾರವನ್ನು ನಂಬಿ ಹೆಸರನ್ನು ಪರೀಕ್ಷಿಸದೆ ಬಿಟ್ಟರೆ, ಆ ಎಲ್ಲರಿಗೂ ಬಾಗಿಲು ತೆರೆದಂತಾಗುತ್ತದೆ.

ಅಪಾಚೆ ಮತ್ತು ಎಂಜಿನ್‌ಎಕ್ಸ್ ಸರ್ವರ್‌ಗಳಲ್ಲಿ ಪ್ರಮಾಣಪತ್ರವನ್ನು ಕಡ್ಡಾಯವಾಗಿಯೂ ಐಚ್ಛಿಕವಾಗಿಯೂ ಕೇಳಬಹುದು. ಐಚ್ಛಿಕವಾಗಿದ್ದಲ್ಲಿ ಪತ್ರವಿಲ್ಲದವರೂ ಸಂಪರ್ಕ ಪಡೆಯುತ್ತಾರೆ. ಆಗ ಪರಿಶೀಲನೆಯ ಫಲಿತಾಂಶವನ್ನು ನೋಡಿ ತಡೆಯುವ ಹೊಣೆ ಒಳಗಿನ ತಂತ್ರಾಂಶದ್ದು.

ಮಿತಿಗಳು

ಖಾಸಗಿ ಕೀಲಿ ಕಳುವಾದರೆ ಅಥವಾ ದುರ್ಬಲವಾಗಿದ್ದರೆ ಇಡೀ ವ್ಯವಸ್ಥೆ ಕುಸಿಯುತ್ತದೆ. ಎಸ್ಟೋನಿಯಾ ದೇಶವು 2002ರಿಂದ ನಾಗರಿಕರಿಗೆ ನೀಡುತ್ತಿರುವ ಗುರುತಿನ ಚೀಟಿಯ ಚಿಪ್‌ನಲ್ಲಿ ಇಂತಹ ಪ್ರಮಾಣಪತ್ರವಿದ್ದು, ಸರ್ಕಾರಿ ಸೇವೆಗಳಿಗೆ ಪ್ರವೇಶಿಸಲು ಅದನ್ನು ಬಳಸುತ್ತಾರೆ. 2017ರಲ್ಲಿ ಆ ಚಿಪ್‌ಗಳು ಕೀಲಿಯನ್ನು ರಚಿಸುವ ಕ್ರಮದಲ್ಲಿಯೇ ದೋಷವಿರುವುದು ಪತ್ತೆಯಾಯಿತು. 7 ಲಕ್ಷಕ್ಕೂ ಹೆಚ್ಚು ಚೀಟಿಗಳು ಇದಕ್ಕೆ ಒಳಗಾಗಿದ್ದವು. ನವೆಂಬರ್‌ನಲ್ಲಿ ಸರ್ಕಾರವು ಅವುಗಳ ಪ್ರಮಾಣಪತ್ರಗಳನ್ನು ಅಮಾನತಿನಲ್ಲಿಟ್ಟು ನವೀಕರಿಸಬೇಕಾಯಿತು. ಪತ್ರವನ್ನು ನೀಡುವಷ್ಟೇ ಮುಖ್ಯವಾದುದು ಅದನ್ನು ಸಕಾಲದಲ್ಲಿ ರದ್ದುಪಡಿಸುವ ವ್ಯವಸ್ಥೆ. ರದ್ದಾದ ಪತ್ರಗಳ ಪಟ್ಟಿಯನ್ನು ನೋಡುವಂತೆ ಸರ್ವರನ್ನು ಹೊಂದಿಸದಿದ್ದರೆ, ರದ್ದಾದ ಪತ್ರವೂ ಅವಧಿ ಮುಗಿಯುವವರೆಗೆ ಚಲಾವಣೆಯಲ್ಲಿಯೇ ಇರುತ್ತದೆ.